ಮಂಚದ ಪಕ್ಕ ನಿಂತವಳಿಗೂ ಒಂದು ಚೀಟಿ ಕೊಡಿ: ಹುಬ್ಬಳ್ಳಿ-ಧಾರವಾಡದ ಹೆಣ್ಣುಮಕ್ಕಳ ಹಕ್ಕೊತ್ತಾಯ ಪತ್ರ

ಇವರಿಗೆ:
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ ಹಾಗೂ ವೈದ್ಯಕೀಯ ಶಿಕ್ಷಣ ಇಲಾಖೆ, ಬೆಂಗಳೂರು. ಜಿಲ್ಲಾಧಿಕಾರಿಗಳು ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳು, ಧಾರವಾಡ. ನಿರ್ದೇಶಕರು, ಕೆಎಂಸಿಆರ್‌ಐ, ವಿದ್ಯಾನಗರ, ಹುಬ್ಬಳ್ಳಿ. ಆಯುಕ್ತರು, ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ. ಅವಳಿನಗರದ ಖಾಸಗಿ ಮತ್ತು ಟ್ರಸ್ಟ್ ಕ್ಯಾನ್ಸರ್ ಆಸ್ಪತ್ರೆಗಳ ಆಡಳಿತ ಮಂಡಳಿಗಳು.

ವಿಷಯ: ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚಿರುವವರಿಗೆ ಸರ್ಕಾರಿ ವ್ಯವಸ್ಥೆಯಲ್ಲೇ ಸಲಹೆ, ತಪಾಸಣೆ, ಪರೀಕ್ಷೆ ಒದಗಿಸುವ ಕುರಿತು.

ಮಾನ್ಯರೇ,

ಈ ಪತ್ರ ಬರೆಯುತ್ತಿರುವ ನಮ್ಮಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇಲ್ಲ. ನಾವು ಕ್ಯಾನ್ಸರ್ ಬಂದವರ ಮಕ್ಕಳು, ಅಕ್ಕತಂಗಿಯರು, ಅಣ್ಣತಮ್ಮಂದಿರ ಮಕ್ಕಳು. ಅವ್ವನ ಕೀಮೋ ಬಾಟಲಿ ಖಾಲಿಯಾಗುವ ತನಕ ಸ್ಟೂಲಿನ ಮೇಲೆ ಕೂತವರು, ಬಯಾಪ್ಸಿ ರಿಪೋರ್ಟಿಗಾಗಿ ಲ್ಯಾಬಿನ ಕಿಟಕಿ ಮುಂದೆ ನಿಂತವರು, ಆಯುಷ್ಮಾನ್ ಕಾರ್ಡಿನ ಮಂಜೂರಾತಿಗೆ ಆರೋಗ್ಯ ಮಿತ್ರರ ಟೇಬಲ್ಲಿಗೆ ಎಡತಾಕಿದವರು. ಆಸ್ಪತ್ರೆಯ ಮೂಲೆಮೂಲೆ ನಮಗೆ ಗೊತ್ತು. ಆಸ್ಪತ್ರೆಗೆ ಮಾತ್ರ ನಾವು ಗೊತ್ತಿಲ್ಲ. ಅಲ್ಲಿನ ಯಾವ ರಿಜಿಸ್ಟರಿನಲ್ಲೂ ನಮ್ಮ ಹೆಸರಿಲ್ಲ.

"ನನಗೂ ಬರತೈತೇನ್ರಿ ಡಾಕ್ಟರ?" ಎಂದು ನಮ್ಮಲ್ಲೊಬ್ಬಳು ಕೇಳಿದಾಗ ಸಿಕ್ಕ ಉತ್ತರ, "ಆ ಚಿಂತಿ ಈಗ್ಯಾಕವ್ವ, ಮೊದಲ ನಿಮ್ಮ ತಾಯೀನ್ನ ನೋಡ್ಕೋ." ಹಾಗೆಂದವರ ಮೇಲೆ ನಮಗೆ ಸಿಟ್ಟಿಲ್ಲ. ಬಾಗಿಲ ಹೊರಗೆ ಸಾಲು ಹಚ್ಚಿ ನಿಂತ ರೋಗಿಗಳ ನಡುವೆ, ರೋಗವೇ ಇಲ್ಲದವಳ ಪ್ರಶ್ನೆಗೆ ಅವರ ಹತ್ತಿರ ವೇಳೆಯಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವ ಕೆಲಸ ಯಾರದು ಎಂಬುದೂ ನಿಗದಿಯಾಗಿಲ್ಲ. ಅದನ್ನು ನಿಗದಿ ಮಾಡಿ ಎಂಬುದೇ ಈ ಇಡೀ ಪತ್ರದ ಬೇಡಿಕೆ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ 1,92,020 ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು. 98,337 ಮಂದಿ ತೀರಿಕೊಂಡರು. ನಮ್ಮ ದೇಶದಲ್ಲಿ ಹೆಂಗಸರಿಗೆ ಬರುವ ಕ್ಯಾನ್ಸರುಗಳಲ್ಲಿ ಇದೇ ಮೊದಲನೆಯದು. ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ಇಲ್ಲಿನವರಿಗೆ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಒಮ್ಮೆಯಾದರೂ ಸ್ತನ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇರಲಿಲ್ಲ. ದೇಶದ ಸರಾಸರಿಯೇ ಶೇ. 0.9.

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಸ್ತನ ಕ್ಯಾನ್ಸರ್ ಬಂದವರಲ್ಲಿ ಬಹುಪಾಲು ಜನರ ಮನೆತನದಲ್ಲಿ ಆ ರೋಗದ ಸುಳಿವೇ ಇರುವುದಿಲ್ಲ. ತಂದೆ ಅಥವಾ ತಾಯಿಯಿಂದ ಬಂದ ವಂಶವಾಹಿಯ ದೋಷವೇ ಕಾರಣ ಎನ್ನಬಹುದಾದದ್ದು ನೂರರಲ್ಲಿ 5ರಿಂದ 10 ಪ್ರಕರಣಗಳಲ್ಲಿ ಮಾತ್ರ. ಹಾಗಿದ್ದರೆ ಇಷ್ಟು ಕಡಿಮೆ ಮಂದಿಗೆ ಇಷ್ಟೆಲ್ಲ ಯಾಕೆ ಎಂದು ಹಣಕಾಸಿನ ಕಡತದಲ್ಲಿ ಯಾರಾದರೂ ಷರಾ ಬರೆಯಬಹುದು. ರೋಗ ಬರುವ ಮೊದಲೇ ಹೆಸರು ಹಿಡಿದು ಕರೆಯಬಹುದಾದವರು ಇವರು, ಅದಕ್ಕಾಗಿ.

ನಮ್ಮ ಹಕ್ಕೊತ್ತಾಯಗಳು ಹೀಗಿವೆ.

1. ಆಶಾ ಕಾರ್ಯಕರ್ತೆಯ ನಮೂನೆಗೆ ಒಂದು ಪ್ರಶ್ನೆ ಸೇರಿಸಿ.

ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30 ದಾಟಿದವರ ಮನೆಗೆ ಹೋಗಿ ಆಶಾ ಅಕ್ಕ ತುಂಬುವ ಸಿಬ್ಯಾಕ್ ನಮೂನೆಯನ್ನು ತೆಗೆದು ನೋಡಿ. ವಯಸ್ಸು, ತಂಬಾಕು, ಸೊಂಟದ ಸುತ್ತಳತೆ, ವ್ಯಾಯಾಮ ಎಲ್ಲಕ್ಕೂ ಅಲ್ಲಿ ಅಂಕವಿದೆ. ತಂದೆತಾಯಿಗೋ ಒಡಹುಟ್ಟಿದವರಿಗೋ ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದೆಯೇ ಎಂದೂ ಕೇಳುತ್ತದೆ. ಹೌದೆಂದರೆ ಎರಡು ಅಂಕ. ಕ್ಯಾನ್ಸರ್ ಇತ್ತೇ ಎಂಬ ಪ್ರಶ್ನೆ ಆ ಸಾಲಿನಲ್ಲಿ ಇಲ್ಲ. ಸ್ತನದ ಬಗ್ಗೆ ಅದು ಕೇಳುವುದು ಗಂಟು ಇದೆಯೇ, ತೊಟ್ಟಿನಿಂದ ರಕ್ತ ಬರುತ್ತದೆಯೇ, ಆಕಾರ ಬದಲಾಗಿದೆಯೇ ಎಂದು. ಅಂದರೆ ರೋಗ ಕಾಣಿಸಿಕೊಂಡ ಮೇಲಿನ ಪ್ರಶ್ನೆಗಳು.

"ನಿಮ್ಮ ತಾಯಿಯ ಕಡೆ ಅಥವಾ ತಂದೆಯ ಕಡೆ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿತ್ತೇ? ಯಾವ ವಯಸ್ಸಿನಲ್ಲಿ?" ಇಷ್ಟೇ ಸೇರಿಸಿ. ಕೇಂದ್ರದ ನಮೂನೆ ಬದಲಾಗುವುದಕ್ಕೆ ವರ್ಷಗಳು ಹಿಡಿದರೆ ಹಿಡಿಯಲಿ. 2024ರಲ್ಲಿ ಕೋಲಾರದಿಂದ ಶುರುವಾದ, ಮನೆಮನೆಗೆ ಹೋಗಿ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆ ರಾಜ್ಯ ಸರ್ಕಾರದ್ದೇ. ಧಾರವಾಡ ಜಿಲ್ಲೆಯಲ್ಲಿ ಅದರ ಹಾಳೆಗೆ ಈ ಸಾಲನ್ನು ಸೇರಿಸಲು ದೆಹಲಿಯ ಒಪ್ಪಿಗೆ ಬೇಕಾಗಿಲ್ಲ.

2. ವಂಶಾವಳಿ ಬರೆಸಿಕೊಳ್ಳಿ, ಅದರಲ್ಲಿ ಹೆಣ್ಣುಮಕ್ಕಳೂ ಇರಲಿ.

ಹೊಲಕ್ಕೆ ವಾರಸಾ ಹಚ್ಚಲು ನಮ್ಮ ಜನ ಮೂರು ತಲೆಮಾರಿನ ವಂಶಾವಳಿಯನ್ನು ನಾಡಕಚೇರಿಯಲ್ಲಿ ಪಟಪಟನೆ ಹೇಳುತ್ತಾರೆ. ಆಸ್ಪತ್ರೆಯಲ್ಲಿ ಬೇಕಾಗಿರುವುದೂ ಅಂಥದ್ದೇ ಒಂದು ವಂಶಾವಳಿ. ಆದರೆ ಹೊಲದ ವಂಶಾವಳಿಯಲ್ಲಿ ಕೊಟ್ಟ ಹೆಣ್ಣುಮಕ್ಕಳು ಎಷ್ಟೋ ಸಲ ಬಿಟ್ಟುಹೋಗುತ್ತಾರೆ. ಇಲ್ಲಿ ಮೊದಲು ಬೇಕಾದವರೇ ಅವರು: ನವಲಗುಂದಕ್ಕೆ ಕೊಟ್ಟ ಅತ್ತಿ, ಕಲಘಟಗಿಗೆ ಕೊಟ್ಟ ಚಿಗವ್ವ, ನಲವತ್ತಕ್ಕೇ ತೀರಿಕೊಂಡ ದೊಡ್ಡವ್ವ.

ನಮ್ಮ ಗುಂಪಿನವರು ಒಂದು ಮಧ್ಯಾಹ್ನ ಕೂತು ಒಬ್ಬಳ ಮನೆತನವನ್ನು ಹಾಳೆಯ ಮೇಲೆ ಬರೆದೆವು. ಹೆಣ್ಣಿಗೆ ದುಂಡು, ಗಂಡಿಗೆ ಚೌಕ. ಅವ್ವನಿಗೆ 43ಕ್ಕೆ ಎದೆಯಲ್ಲಿ ಗಂಟು, ಅದೊಂದು ಖಾತ್ರಿ. ಚಿಗವ್ವನ ಬಗ್ಗೆ ಕೇಳಿದರೆ "ಅಕೀದು ಗರ್ಭಚೀಲದ ತ್ರಾಸು" ಎಂದರು ಮನೆಯ ಹಿರಿಯರು. ಆಯಿಯ ಬಗ್ಗೆ "ಹೊಟ್ಟಿ ಉಬ್ಬಿ, ನೀರು ತುಂಬಿ ಹೋದಳು" ಎಂದರು. ಹೊಟ್ಟೆಯಲ್ಲಿ ನೀರು ತುಂಬುವುದಕ್ಕೆ ಲಿವರಿನ ರೋಗವೂ ಕಾರಣವಿದ್ದೀತು, ಅಂಡಾಶಯದ ಕ್ಯಾನ್ಸರೂ ಇದ್ದೀತು. ಇಂಥ ಮನೆಮಾತನ್ನು ಕೇಳಿ, ಯಾವುದು ಕೆದಕಬೇಕಾದ ಎಳೆ, ಯಾವುದು ಅಲ್ಲ ಎಂದು ತಿಳಿಯಬಲ್ಲ ತರಬೇತಿ ಪಡೆದ ಮನುಷ್ಯರೊಬ್ಬರು ನಮಗೆ ಬೇಕು. ಅಪ್ಪನ ಕಡೆಯನ್ನೂ ಅವರು ಕೇಳಬೇಕು. ಕೆಟ್ಟ ವಂಶವಾಹಿ ತಂದೆಯಿಂದಲೂ ಅಷ್ಟೇ ಸಲೀಸಾಗಿ ಬರುತ್ತದೆ. ತಂದೆಗೆ ಏನೂ ಆಗದಿದ್ದ ಮಾತ್ರಕ್ಕೆ ಅವನ ಅಕ್ಕತಂಗಿಯರನ್ನು ಲೆಕ್ಕದಿಂದ ಬಿಡುವಂತಿಲ್ಲ. ಸೋದರಮಾವನಿಗೆ, ಅತ್ತಿಯ ಮಗನಿಗೆ ಕೊಡುವ ನಮ್ಮ ಕಡೆಯ ಮನೆಗಳಲ್ಲಂತೂ ಎರಡೂ ಕಡೆಯ ಕೊಂಬೆಗಳು ಒಂದೇ ಗಿಡಕ್ಕೆ ಬಂದು ಸೇರಿರುತ್ತವೆ.

3. ವಾರಕ್ಕೊಂದು ದಿನ ಅಪಾಯ ಸಲಹಾ ಒಪಿಡಿ ನಡೆಸಿ.

1957ರಲ್ಲಿ ಶುರುವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಈಗ ಕೆಎಂಸಿಆರ್‌ಐ ಎಂಬ ಬೋರ್ಡಿದೆ. ಊರು ಇನ್ನೂ ಕಿಮ್ಸ್ ಅನ್ನುತ್ತದೆ, ಹಿರಿಯರು ಕೆಎಂಸಿ ಅನ್ನುತ್ತಾರೆ. ಹೆಸರು ಯಾವುದಿರಲಿ, ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಉತ್ತರ ಕನ್ನಡದ ಬಡವರು ಬಸ್ಸು ಹತ್ತಿ ಬರುವುದು ಅಲ್ಲಿಗೇ. ನವನಗರದಲ್ಲಿ ಕ್ಯಾನ್ಸರ್ ದವಾಖಾನೆ ಇದೆ, ಸತ್ತೂರಿನಲ್ಲಿ ಎಸ್‌ಡಿಎಂ ಇದೆ. ಒಂದು ಕಾಲಕ್ಕೆ ದೊಡ್ಡ ರೋಗವೆಂದರೆ ಮಿರಜಿಗೋ ಮುಂಬೈಗೋ ಹೋಗುತ್ತಿದ್ದ ಸೀಮೆ ಇದು. ಈಗ ಚಿಕಿತ್ಸೆ ನಮ್ಮೂರಲ್ಲೇ ಸಿಗುತ್ತದೆ. ಚಿಕಿತ್ಸೆಗೆ ಮುಂಚಿನ ಮಾತು ಮಾತ್ರ ಸಿಗುವುದಿಲ್ಲ.

ಕೆಎಂಸಿಆರ್‌ಐಯಲ್ಲಿ ವಾರಕ್ಕೊಂದು ದಿನ, ಧಾರವಾಡ ಜಿಲ್ಲಾ ಆಸ್ಪತ್ರೆಯಲ್ಲಿ ಹದಿನೈದು ದಿನಕ್ಕೊಮ್ಮೆ, ರೋಗವಿಲ್ಲದವರಿಗಾಗಿಯೇ ಒಂದು ಕೋಣೆ ತೆರೆಯಿರಿ. ಶಸ್ತ್ರಚಿಕಿತ್ಸಾ ವಿಭಾಗದ ಒಬ್ಬ ವೈದ್ಯರು, ಸ್ತ್ರೀರೋಗ ತಜ್ಞೆ, ತರಬೇತಿ ಪಡೆದ ಒಬ್ಬ ಸಲಹೆಗಾರ್ತಿ ಇದ್ದರೆ ಸಾಕು. ಜೆನೆಟಿಕ್ಸ್ ತಜ್ಞರು ಇಲ್ಲಿಲ್ಲ ಎಂದು ಕೈ ಚೆಲ್ಲಬೇಡಿ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಜೆನೆಟಿಕ್ಸ್ ಕ್ಲಿನಿಕ್ಕೇ ಇದೆ. ಇ-ಸಂಜೀವಿನಿಯಲ್ಲಿ ಕೆಮ್ಮು-ನೆಗಡಿಗೆ ವಿಡಿಯೋ ಸಲಹೆ ಸಿಗುವಾಗ ಇದಕ್ಕೂ ಸಿಗಬೇಕು. ನಾನೂರು ಕಿಲೋಮೀಟರು ರಾತ್ರಿ ಬಸ್ಸಿನಲ್ಲಿ ಹೋಗಿ ಇಪ್ಪತ್ತು ನಿಮಿಷ ಮಾತಾಡಿ ಬರುವುದು ಕೂಲಿ ಬಿಟ್ಟು ಹೋಗುವವಳಿಗೆ ಸಾಧ್ಯವಿಲ್ಲ.

ಆ ಕೋಣೆಯಲ್ಲಿ ಯಾರನ್ನು ನೋಡಬೇಕು ಎಂಬುದರಲ್ಲೂ ಗೊಂದಲ ಬೇಡ. ಹತ್ತಿರದ ಸಂಬಂಧಿಗೆ 50ರೊಳಗೆ ಸ್ತನ ಕ್ಯಾನ್ಸರ್ ಬಂದವರು. ತಾಯಿಯ ಅಥವಾ ತಂದೆಯ ಒಂದೇ ಕಡೆಯಲ್ಲಿ ಇಬ್ಬರು-ಮೂವರಿಗೆ ಬಂದವರು. ಒಬ್ಬರಿಗೇ ಎರಡೂ ಸ್ತನಗಳಲ್ಲಿ ಬಂದದ್ದು. ಯಾವ ವಯಸ್ಸಿನಲ್ಲಾದರೂ ಅಂಡಾಶಯದ ಕ್ಯಾನ್ಸರ್. ಗಂಡಸಿಗೆ ಸ್ತನ ಕ್ಯಾನ್ಸರ್. ಮನೆಯಲ್ಲಿ ಈಗಾಗಲೇ ಬಿಆರ್‌ಸಿಎ ಎಂಬ ವಂಶವಾಹಿಯ ದೋಷ ಗೊತ್ತಾಗಿರುವುದು. ಇವರಲ್ಲದೆ ಇನ್ನೆರಡು ಗುಂಪುಗಳಿವೆ, ಅವರನ್ನು ಎಲ್ಲರೂ ಮರೆಯುತ್ತಾರೆ. ಹರೆಯದಲ್ಲಿ ಹಾಡ್ಜ್‌ಕಿನ್ ಲಿಂಫೋಮಾದಂಥ ರೋಗಕ್ಕೆ ಎದೆಗೆ ರೇಡಿಯೇಷನ್ ಕೊಡಿಸಿಕೊಂಡು ಗುಣವಾದವರು ಮೊದಲನೆಯವರು. ಗಂಟಿನ ಬಯಾಪ್ಸಿಯಲ್ಲಿ "ಅಟಿಪಿಕಲ್ ಹೈಪರ್‌ಪ್ಲೇಸಿಯಾ" ಎಂದು ಬಂದರೂ "ಕ್ಯಾನ್ಸರ್ ಇಲ್ಲ, ಆರಾಮ ಹೋಗ್ರಿ" ಎಂದು ಕಳಿಸಲ್ಪಟ್ಟವರು ಎರಡನೆಯವರು. ಆ ವರದಿ ಬಂದವರ ಅಪಾಯ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು.

ಕೋಣೆಯಲ್ಲಿ ಆಡುವ ಮಾತು ಹೆದರಿಸುವಂತಿರಬಾರದು, ಪುಸಲಾಯಿಸುವಂತೆಯೂ ಇರಬಾರದು. ಅವ್ವ ಅಥವಾ ಅಕ್ಕ, ಒಬ್ಬರಿಗೆ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ನಿಜ. ಆದರೂ ಅಂಥ ಹೆಂಗಸರಲ್ಲಿ ಹೆಚ್ಚಿನವರಿಗೆ ಯಾವತ್ತೂ ಕ್ಯಾನ್ಸರ್ ಬರುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳಬೇಕು. ಬಿಆರ್‌ಸಿಎ ದೋಷವಿದ್ದವರ ಮಾತು ಬೇರೆ: ಹೊರದೇಶದ ಕುಟುಂಬಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳ ಪ್ರಕಾರ ಅಂಥ ನೂರು ಮಂದಿಯಲ್ಲಿ ಸುಮಾರು 70 ಮಂದಿಗೆ 80 ವರ್ಷದೊಳಗೆ ಬರುತ್ತದೆ. "ಶೇಕಡಾ" ಎಂದು ಗೊಣಗದೆ ನೂರು ಹೆಂಗಸರ ಚಿತ್ರ ತೋರಿಸಿ ಹೇಳಿ. "ಕೂಸಿಗೆ ಹಾಲು ಕುಡಿಸಲಿಲ್ಲ, ಅದಕ್ಕ ಬಂತು" ಎಂದು ಸೊಸೆಯ ತಲೆಗೆ ಕಟ್ಟುವುದನ್ನು ಆಸ್ಪತ್ರೆಯವರೂ ಮಾಡಬಾರದು. ಹಾಲೂಡಿಸುವುದರಿಂದ ಅಪಾಯ ಸ್ವಲ್ಪ ತಗ್ಗುತ್ತದೆ. ಹಾಗೆಂದು ರೋಗ ಬಂದವಳು ತಪ್ಪಿತಸ್ಥಳಲ್ಲ.

4. ರೋಗಿ ಇರುವಾಗಲೇ ವಂಶವಾಹಿ ಪರೀಕ್ಷೆ ಮಾಡಿಸಿ, ಸರ್ಕಾರದ ಖರ್ಚಿನಲ್ಲಿ.

ಇದು ನಮ್ಮ ಪತ್ರದ ಅತಿ ತುರ್ತಿನ ಬೇಡಿಕೆ. ಬಿಆರ್‌ಸಿಎ ಪರೀಕ್ಷೆಯನ್ನು ಮೊದಲು ಮಾಡಬೇಕಾದದ್ದು ಕ್ಯಾನ್ಸರ್ ಬಂದವರಿಗೆ. ಅವರಲ್ಲಿ ದೋಷ ಸಿಕ್ಕಿದರೆ ಮಕ್ಕಳು, ಒಡಹುಟ್ಟಿದವರು ಅದೊಂದೇ ದೋಷ ತಮ್ಮಲ್ಲಿದೆಯೇ ಎಂದು ನೋಡಿಸಿಕೊಳ್ಳಬಹುದು. ಆ ಪರೀಕ್ಷೆ ಸರಳ, ಅಗ್ಗ. ದೋಷ ಬರುವ ಸಂಭವ ಪ್ರತಿ ಮಗುವಿಗೂ ಅರ್ಧಕ್ಕರ್ಧ. ಬಂದಿಲ್ಲ ಎಂದು ಗೊತ್ತಾದವಳು ಆ ದಿನವೇ ಭಾರ ಇಳಿಸಿಕೊಂಡು ಮನೆಗೆ ಹೋಗಬಹುದು, ವರ್ಷವರ್ಷ ಸ್ಕ್ಯಾನಿಂಗಿನ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಆದರೆ ಅವ್ವ ತೀರಿಕೊಂಡ ಮೇಲೆ ಮಗಳೊಬ್ಬಳ ರಕ್ತ ನೋಡಿ "ಏನೂ ಸಿಗಲಿಲ್ಲ" ಎಂದರೆ ಅದಕ್ಕೆ ಖಚಿತ ಅರ್ಥವಿಲ್ಲ: ಮನೆಯಲ್ಲಿ ದೋಷವೇ ಇರಲಿಲ್ಲವೋ, ಇದ್ದೂ ಇವಳಿಗೆ ಬರಲಿಲ್ಲವೋ, ಪರೀಕ್ಷೆಗೆ ಸಿಗದ ಬೇರೆಯದೇ ಇದೆಯೋ ಹೇಳುವವರಿಲ್ಲ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುತ್ತದೆ. ನಮ್ಮ ಎಷ್ಟೋ ಮನೆಗಳು ಉಳಿದಿರುವುದು ಅದರಿಂದ. ಆದರೆ ಅದು ರೋಗಿಯ ಚಿಕಿತ್ಸೆಗಾಗಿ ಕಟ್ಟಿದ ಯೋಜನೆ. ರೋಗವಿಲ್ಲದ ಮಗಳ ಪರೀಕ್ಷೆಗೆ ಅದರಲ್ಲಿ ಜಾಗವಿಲ್ಲ, ಖಾಸಗಿ ಲ್ಯಾಬಿಗೆ ಸಾವಿರಾರು ರೂಪಾಯಿ ಎಣಿಸಬೇಕು. 50ರೊಳಗಿನ ಎಲ್ಲ ಸ್ತನ ಕ್ಯಾನ್ಸರ್ ರೋಗಿಗಳಿಗೆ, 60ರೊಳಗಿನ ಟ್ರಿಪಲ್ ನೆಗೆಟಿವ್ ಬಗೆಯ ಸ್ತನ ಕ್ಯಾನ್ಸರ್ ರೋಗಿಗಳಿಗೆ, ಅಂಡಾಶಯದ ಕ್ಯಾನ್ಸರ್ ಬಂದ ಎಲ್ಲರಿಗೆ ಈ ಪರೀಕ್ಷೆಯನ್ನು ಪ್ಯಾಕೇಜಿನೊಳಗೆ ತನ್ನಿ. ದೋಷ ಸಿಕ್ಕಿದರೆ ಒಲಾಪರಿಬ್‌ನಂಥ ಔಷಧದಿಂದ ಕೆಲವು ರೋಗಿಗಳಿಗೇ ನೇರ ಉಪಯೋಗವಿದೆ, ಹಾಗಾಗಿ ಇದು ಬರೀ ಮಕ್ಕಳಿಗಾಗಿ ಮಾಡುವ ಖರ್ಚೂ ಅಲ್ಲ. ಆ ಮೇಲೆ ಒಡಹುಟ್ಟಿದವರ, ಮಕ್ಕಳ ಪರೀಕ್ಷೆಯೂ ಉಚಿತವಾಗಿರಲಿ. ನಿಸರ್ಗದಲ್ಲಿರುವ ವಂಶವಾಹಿಗೆ ಪೇಟೆಂಟ್ ಸಲ್ಲದು ಎಂದು 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಬಿಆರ್‌ಸಿಎ ಪೇಟೆಂಟನ್ನು ತಳ್ಳಿಹಾಕಿತು. ಬೆಲೆ ಇಳಿಸಿ ಎಂದು ಲ್ಯಾಬುಗಳೊಂದಿಗೆ ಚೌಕಾಸಿ ಮಾಡುವುದು ಸರ್ಕಾರಕ್ಕೆ ಕಷ್ಟವಲ್ಲ.

ಪರೀಕ್ಷೆಗೆ ಮೊದಲು ಒಂದು ಸಲ, ಫಲಿತಾಂಶದ ದಿನ ಇನ್ನೊಂದು ಸಲ ಕನ್ನಡದಲ್ಲಿ ಕೂರಿಸಿ ಮಾತಾಡಬೇಕು. ವರದಿಯನ್ನು ವಾಟ್ಸಾಪಿಗೆ ಪಿಡಿಎಫ್ ಕಳಿಸಿ ಕೈ ತೊಳೆದುಕೊಳ್ಳಬಾರದು. "ಅರ್ಥ ಸ್ಪಷ್ಟವಾಗದ ಬದಲಾವಣೆ" ಎಂಬ ಫಲಿತಾಂಶವೂ ಬರುತ್ತದೆ. ಭಾರತೀಯರ ಮಾಹಿತಿ ಕಡಿಮೆಯಿರುವುದರಿಂದ ನಮಗೆ ಹೆಚ್ಚೇ ಬರುತ್ತದೆ. ಅದನ್ನು ದೋಷವೆಂದು ತಿಳಿದು ಯಾರೂ ಕತ್ತರಿ ಹಿಡಿಯಬಾರದು. 18 ತುಂಬದ ಹುಡುಗಿಯರಿಗೆ ಈ ಪರೀಕ್ಷೆ ಬೇಡವೇ ಬೇಡ.

5. "ಮೂವತ್ತಾದ ಮೇಲೆ ಬರ್ರಿ" ಎನ್ನಬೇಡಿ.

ಸರ್ಕಾರದ ತಪಾಸಣೆ 30ಕ್ಕೆ ಶುರುವಾಗುತ್ತದೆ. ಬಿಆರ್‌ಸಿಎ ದೋಷವಿದ್ದವರಿಗೆ ವರ್ಷಕ್ಕೊಮ್ಮೆ ಎಂಆರ್‌ಐ 25ಕ್ಕೇ ಶುರುವಾಗಬೇಕು, 30ರಿಂದ ಮ್ಯಾಮೊಗ್ರಫಿಯೂ ಸೇರಬೇಕು ಎನ್ನುತ್ತವೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು. ಮನೆಯಲ್ಲಿ ಅತಿ ಚಿಕ್ಕ ವಯಸ್ಸಿನಲ್ಲಿ ಯಾರಿಗೆ ಬಂತೋ ಅದಕ್ಕಿಂತ ಹತ್ತು ವರ್ಷ ಮೊದಲು ತಪಾಸಣೆ ಆರಂಭಿಸುವುದು ರೂಢಿ. ಅವ್ವನಿಗೆ 36ಕ್ಕೆ ಬಂದಿದ್ದರೆ ಮಗಳನ್ನು 26ಕ್ಕೆ ಕರೆಯಬೇಕು. ಹರೆಯದವರ ಸ್ತನ ಒತ್ತಾಗಿರುವುದರಿಂದ ಮ್ಯಾಮೊಗ್ರಫಿ ಒಂದರಲ್ಲೇ ಎಲ್ಲ ಕಾಣಿಸುವುದಿಲ್ಲ. ಎಂಆರ್‌ಐ ಸಿಗದ ಕಡೆ ಅಲ್ಟ್ರಾಸೌಂಡಾದರೂ ಜೊತೆಗಿರಲಿ. ಸಲಹಾ ಒಪಿಡಿಯ ಚೀಟಿ ಇದ್ದವರಿಗೆ ಈ ಮೂರೂ ಉಚಿತವಾಗಬೇಕು. ಮ್ಯಾಮೊಗ್ರಫಿ ಯಂತ್ರ ಎಲ್ಲಿದೆ, ಇವತ್ತು ನಡೆಯುತ್ತಿದೆಯೇ, ಓದುವ ರೇಡಿಯಾಲಜಿಸ್ಟ್ ಇದ್ದಾರೆಯೇ ಎಂಬುದನ್ನು ಆಸ್ಪತ್ರೆಯ ಬಾಗಿಲಲ್ಲೇ ಬರೆದು ಹಾಕಿ. ರಿಬ್ಬನ್ ಕತ್ತರಿಸಿದ ಮೇಲೆ ತಂತ್ರಜ್ಞರಿಲ್ಲದೆ ಪ್ಲಾಸ್ಟಿಕ್ ಹೊದ್ದು ಕೂತ ಯಂತ್ರಗಳನ್ನು ನಾವು ಕಂಡಿಲ್ಲವೆಂದಲ್ಲ.

6. ‘ನಮ್ಮ ಕ್ಲಿನಿಕ್’ನ ನರ್ಸಮ್ಮನಿಗೆ ಕೈ ತಪಾಸಣೆ ಕಲಿಸಿ.

ಮುಂಬೈನಲ್ಲಿ 1998ರಲ್ಲಿ ಶುರುವಾದ ಟಾಟಾ ಸ್ಮಾರಕ ಸಂಸ್ಥೆಯ ಅಧ್ಯಯನದಲ್ಲಿ ಒಂದೂವರೆ ಲಕ್ಷ ಮಹಿಳೆಯರಿದ್ದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ತಪಾಸಣೆ ಮಾಡಿದರು. 20 ವರ್ಷ ನೋಡಿದ ಮೇಲೆ 2021ರಲ್ಲಿ ಫಲಿತಾಂಶ ಬಂತು: ರೋಗ ಬೇಗ ಸಿಕ್ಕಿತು, 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಇಳಿಯಿತು. 50ರೊಳಗಿನವರಲ್ಲಿ ಸಾವು ಇಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಅದಕ್ಕೇ ಐದನೆಯ ಬೇಡಿಕೆ ಬೇರೆಯೇ ಇದೆ. 2022ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರದ ನೂರು ‘ನಮ್ಮ ಕ್ಲಿನಿಕ್’ಗಳು ಉದ್ಘಾಟನೆಯಾದದ್ದು ನಮ್ಮ ಬೈರಿದೇವರಕೊಪ್ಪದಲ್ಲೇ. ಆ ಕ್ಲಿನಿಕ್ಕುಗಳಲ್ಲಿ, ಪಾಲಿಕೆಯ ಚಿಟಗುಪ್ಪಿ ಆಸ್ಪತ್ರೆಯಲ್ಲಿ, ಕುಂದಗೋಳ, ಅಣ್ಣಿಗೇರಿ, ಅಳ್ನಾವರಗಳಲ್ಲಿ ಈ ಕೈಗಳು ತಯಾರಾಗಲಿ. ಒಂದು ಪರದೆ, ಒಂದು ಮಂಚ, ಒಳಗೆ ಹೆಣ್ಣುಮಗಳೊಬ್ಬಳು. ಹುಬ್ಬಳ್ಳಿಗೂ ಧಾರವಾಡಕ್ಕೂ ಪಾಲಿಕೆ ಒಂದೇ ಇರಲಿ, ಒಡೆದು ಎರಡಾಗಲಿ, ಅದರ ನೆಪ ಬೇಡ.

7. ಇರುವ ದಾರಿಗಳನ್ನೆಲ್ಲ ಹೇಳಿ. ಹೆದರಿಸಿ ಆಪರೇಷನ್ ಮಾಡಬೇಡಿ.

ಅಪಾಯ ಹೆಚ್ಚಿದ್ದವರಿಗೆ ಕಾಯುತ್ತ ಕೂರುವುದೊಂದೇ ದಾರಿಯಲ್ಲ. ಐದು ವರ್ಷ ಟ್ಯಾಮೊಕ್ಸಿಫೆನ್ ತೆಗೆದುಕೊಂಡವರಲ್ಲಿ ಕ್ಯಾನ್ಸರ್ ಬರುವುದು ಅರ್ಧದಷ್ಟು ಕಡಿಮೆಯಾಯಿತೆಂದು 1998ರಲ್ಲೇ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತು. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಅಗ್ಗದ ಮಾತ್ರೆ ಅದು. ಗರ್ಭಕೋಶದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವುದು ಇಂಥ ತೊಂದರೆಗಳೂ ಅದಕ್ಕಿವೆ, ಬಸುರಿಯರಿಗೆ ಅದು ಸಲ್ಲದು. ಆದ್ದರಿಂದ ಅಂಗಡಿಯಿಂದ ತಂದು ನುಂಗುವ ಔಷಧವಲ್ಲ, ವೈದ್ಯರು ಕೂತು ತೂಗಿ ಹೇಳಬೇಕಾದದ್ದು. ಮುಟ್ಟು ನಿಂತವರಿಗೆ ಬೇರೆ ಮಾತ್ರೆಗಳಿವೆ. ಬಿಆರ್‌ಸಿಎ ದೋಷ ಖಚಿತವಾದವರಿಗೆ ಎರಡೂ ಸ್ತನ ತೆಗೆಸುವುದರಿಂದ ಅಪಾಯ ಶೇ. 90ಕ್ಕೂ ಹೆಚ್ಚು ಇಳಿಯುತ್ತದೆ. ನಟಿ ಏಂಜಲೀನಾ ಜೋಲಿ 2013ರಲ್ಲಿ ಅದನ್ನು ಮಾಡಿಸಿಕೊಂಡೆನೆಂದು ಬರೆದ ಮೇಲೆ ಲೋಕಕ್ಕೆಲ್ಲ ಗೊತ್ತಾಯಿತು. ಮಕ್ಕಳಾದ ಮೇಲೆ 35-40ರ ಸುಮಾರಿಗೆ ಅಂಡಾಶಯ ಮತ್ತು ಅಂಡನಾಳ ತೆಗೆಸುವ ಸಲಹೆಯೂ ಇದೆ.

ಇಲ್ಲಿ ನಮ್ಮ ಸೀಮೆಯ ಒಂದು ಗಾಯವನ್ನು ಹೇಳಲೇಬೇಕು. ಬಿಳುಪು ಹೋಗುತ್ತದೆ, ಹೊಟ್ಟೆ ನೋಯುತ್ತದೆ ಎಂದು ಹೋದ ಬಡ ಹೆಂಗಸರಿಗೆ "ಕ್ಯಾನ್ಸರ್ ಆಗತೈತಿ" ಎಂದು ಹೆದರಿಸಿ ಗರ್ಭಕೋಶ ತೆಗೆದ ದೂರುಗಳು ಉತ್ತರ ಕರ್ನಾಟಕದಲ್ಲಿ ತನಿಖೆಯ ತನಕ ಹೋಗಿವೆ. ಕಲಬುರಗಿಯ ತಾಂಡಾಗಳ ಹೆಣ್ಣುಮಕ್ಕಳು ಬೀದಿಗಿಳಿದಿದ್ದರು. ಅಪಾಯದ ಸಲಹೆ ಎಂಬ ಹೆಸರಿನಲ್ಲಿ ಅದೇ ವ್ಯಾಪಾರ ಎದೆಯ ಮೇಲೂ ಶುರುವಾಗುವುದು ನಮಗೆ ಬೇಡ. ಆದ್ದರಿಂದ ರೋಗವಿಲ್ಲದ ಅಂಗವನ್ನು ತೆಗೆಯುವ ಯಾವುದೇ ಶಸ್ತ್ರಚಿಕಿತ್ಸೆಗೆ ವಂಶವಾಹಿ ವರದಿ, ಕನ್ನಡದಲ್ಲಿ ಬರೆದ ಸಲಹೆಯ ದಾಖಲೆ, ಇನ್ನೊಂದು ಆಸ್ಪತ್ರೆಯ ವೈದ್ಯರ ಅಭಿಪ್ರಾಯ, ಯೋಚಿಸಲು ಕನಿಷ್ಠ ಒಂದು ತಿಂಗಳು ಕಡ್ಡಾಯವಾಗಲಿ. ಖಾಸಗಿಯವರಿಗೂ ಇದು ಅನ್ವಯಿಸಲಿ. ಇಷ್ಟಾದ ಮೇಲೂ ಅವಳು ಬೇಕೆಂದರೆ ಗಂಡನ ಸಹಿ ಕೇಳಬೇಡಿ.

8. ಅವ್ವನ ಕಾಗದಗಳನ್ನು ಎಸೆಯಬೇಡಿ.

ವೈದ್ಯಕೀಯ ಪರಿಷತ್ತಿನ 2002ರ ನಿಯಮದಂತೆ ದಾಖಲೆ ಇಟ್ಟುಕೊಳ್ಳಬೇಕಾದದ್ದು ಮೂರು ವರ್ಷ. ತಾಯಿ ತೀರಿದಾಗ ಹತ್ತು ವರ್ಷದವಳಾಗಿದ್ದ ಮಗಳು ಇಪ್ಪತ್ತೈದಕ್ಕೆ ಬಂದು ಕೇಳಿದರೆ ಏನೂ ಸಿಗುವುದಿಲ್ಲ. ಮನೆಯ ಟ್ರಂಕಿನಲ್ಲಿ ಕ್ಯಾರಿಬ್ಯಾಗಿನಲ್ಲಿ ಸುತ್ತಿಟ್ಟ ಅಕ್ಷರ ಅಳಿಸಿದ ಹಾಳೆಗಳೇ ಗತಿ. ಕ್ಯಾನ್ಸರಿನ ಬಯಾಪ್ಸಿ ವರದಿ ಮತ್ತು ಮೇಣದ ಬ್ಲಾಕುಗಳನ್ನು ಕನಿಷ್ಠ 25 ವರ್ಷ ಇಡುವ ವ್ಯವಸ್ಥೆ ಜಿಲ್ಲೆಯ ಎಲ್ಲ ಆಸ್ಪತ್ರೆಗಳಲ್ಲಿ ಆಗಲಿ. ಮಕ್ಕಳು ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಪ್ರತಿ ಸಿಗಲಿ. ರೋಗಿಗೆ ಈ ಗಡುವು ಅದೇ ನಿಯಮದಲ್ಲಿ ಈಗಾಗಲೇ ಇದೆ.

9. ಗುಟ್ಟು ಕಾಯಿರಿ.

"ಕನ್ಯಾ ನೋಡಾಕ ಬರೋರಿದ್ದಾರ, ಈಗ ಇದನ್ನ ಎತ್ತಬ್ಯಾಡ" ಎಂಬ ಮಾತು ಕೇಳದ ಮನೆ ನಮ್ಮಲ್ಲಿಲ್ಲ. ಹುಡುಗಿಯರು ಪರೀಕ್ಷೆಯಿಂದ ದೂರ ಉಳಿಯುವುದು ರೋಗದ ಭಯದಿಂದಲ್ಲ, ಲಗ್ನದ ಭಯದಿಂದ. ಸಲಹಾ ಕೋಣೆಯ ಬಾಗಿಲಿಗೆ "ಕ್ಯಾನ್ಸರ್" ಎಂದು ಬರೆಯಬೇಡಿ. ಸಾಲಿನಲ್ಲಿ ಹೆಸರು ಕೂಗಬೇಡಿ. ಆಶಾ ಅಕ್ಕನ ಹಾಳೆ ಅಂಗನವಾಡಿಯ ಕಟ್ಟೆಯ ಮೇಲೆ ಬಿದ್ದಿರಬಾರದು. ಫಲಿತಾಂಶ ಅವಳ ಕೈಗೆ. ಅತ್ತೆಗಲ್ಲ, ಗಂಡನಿಗಲ್ಲ, ಅಪ್ಪನಿಗೂ ಅಲ್ಲ.

10. ವಿಮೆ ಕಂಪನಿಗಳ ಮೇಲೆ ಕಣ್ಣಿಡಿ.

ವಂಶವಾಹಿ ಕಾಯಿಲೆ ಎಂಬ ಒಂದೇ ಕಾರಣಕ್ಕೆ ವಿಮೆ ನಿರಾಕರಿಸುವುದು ತಾರತಮ್ಯ ಎಂದು ದೆಹಲಿ ಹೈಕೋರ್ಟ್ 2018ರ ಫೆಬ್ರವರಿಯಲ್ಲಿ ಹೇಳಿತು. ಮರುತಿಂಗಳೇ ವಿಮಾ ನಿಯಂತ್ರಣ ಪ್ರಾಧಿಕಾರ ಕಂಪನಿಗಳಿಗೆ ಸುತ್ತೋಲೆ ಕಳಿಸಿತು. ಈ ಮಾತನ್ನು ಸಲಹಾ ಒಪಿಡಿಯಲ್ಲಿ ಪ್ರತಿಯೊಬ್ಬರಿಗೂ ತಿಳಿಸಿ.

11. ಗಂಡಸರನ್ನೂ ಕರೆಯಿರಿ. ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ನೂರಕ್ಕೊಬ್ಬರು ಗಂಡಸರು. ದೋಷವನ್ನು ಮಗಳಿಗೆ ದಾಟಿಸಬಲ್ಲ ಕಾಕಾ, ಮಾಮಾ, ಅಣ್ಣತಮ್ಮಂದಿರೂ ಈ ಕೋಣೆಗೆ ಬರಬೇಕು. ನಾಚಿಕೆ ಬಿಟ್ಟು.

12. ಆಶಾ ಅಕ್ಕನಿಗೆ ಇದಕ್ಕೆ ಬೇರೆ ದುಡ್ಡು ಕೊಡಿ. 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ರಸ್ತೆಯಲ್ಲಿ ಮಲಗಿ ಗೌರವಧನಕ್ಕಾಗಿ ಹೋರಾಡಿದವರು ಅವರು. ಅವರ ಹೆಗಲಿಗೆ ಇನ್ನೊಂದು ಹಾಳೆ ಹೊರಿಸಿ ಪುಕ್ಕಟೆ ದುಡಿಸುವ ಬೇಡಿಕೆಯನ್ನು ನಾವು ಮಂಡಿಸುವುದಿಲ್ಲ.

13. ಪ್ರಯಾಣ. ಶಕ್ತಿ ಯೋಜನೆಯಿಂದ ನಮ್ಮ ಬಸ್ ಖರ್ಚು ಉಳಿದಿದೆ, ಅದಕ್ಕೆ ಕೃತಜ್ಞರು. ರೈಲಿನ ರಿಯಾಯಿತಿ ಇರುವುದು ಕ್ಯಾನ್ಸರ್ ರೋಗಿಗೆ ಮತ್ತು ಅವರ ಜೊತೆ ಹೋಗುವವರೊಬ್ಬರಿಗೆ. ಬೆಂಗಳೂರಿಗೋ ಮುಂಬೈಗೋ ಪರೀಕ್ಷೆಗೆ ಹೋಗುವ, ಸಲಹಾ ಒಪಿಡಿಯ ಚೀಟಿಯಿರುವವರಿಗೂ ಅದು ಸಿಗುವಂತೆ ರೈಲ್ವೆಗೆ ರಾಜ್ಯ ಸರ್ಕಾರ ಬರೆಯಲಿ.

14. ಲೆಕ್ಕ ಕೊಡಿ. ಅಕ್ಟೋಬರ್ ಬಂದರೆ ಗುಲಾಬಿ ದೀಪ, ಗುಲಾಬಿ ಟೀಶರ್ಟು, ಬೆಳಿಗ್ಗೆ ಆರಕ್ಕೆ ಓಟ. ಓಡುವವರು ಓಡಲಿ. ಆ ತಿಂಗಳ ಕೊನೆಗೆ ಜಿಲ್ಲಾ ಆರೋಗ್ಯಾಧಿಕಾರಿಗಳು ಒಂದು ಹಾಳೆ ಪ್ರಕಟಿಸಲಿ: ಈ ವರ್ಷ ಎಷ್ಟು ಮನೆಗಳಲ್ಲಿ ಮನೆತನದ ಪ್ರಶ್ನೆ ಕೇಳಿದಿರಿ, ಎಷ್ಟು ಮಂದಿಯನ್ನು ಸಲಹೆಗೆ ಕಳಿಸಿದಿರಿ, ಎಷ್ಟು ಮಂದಿ ನಿಜಕ್ಕೂ ತಲುಪಿದರು, ಎಷ್ಟು ಪರೀಕ್ಷೆ, ಎಷ್ಟು ಎಂಆರ್‌ಐ, ಎಷ್ಟು ದಿನ ಕಾಯಿಸಿದಿರಿ. ತಾಲೂಕುವಾರು ಕೊಡಿ, ಹೆಸರುಗಳಿಲ್ಲದೆ.

2025ರಲ್ಲಿ ರಾಜ್ಯದ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ-ಕೇರ್ ಕೀಮೋಥೆರಪಿ ಶುರುವಾಯಿತು. ರೋಗ ಬಂದವರಿಗೆ ಊರ ಹತ್ತಿರವೇ ಕುರ್ಚಿ ಹಾಕಿಕೊಟ್ಟ ಸರ್ಕಾರ ಅದೇ ಕಟ್ಟಡದಲ್ಲಿ ರೋಗ ಬರದವರಿಗೂ ಒಂದು ಕುರ್ಚಿ ಹಾಕಬಲ್ಲದು. ಈ ಹದಿನಾಲ್ಕರಲ್ಲಿ ಒಂದು, ಎರಡು, ಎಂಟು, ಒಂಬತ್ತಕ್ಕೆ ದೊಡ್ಡ ಬಜೆಟ್ ಬೇಕಾಗಿಲ್ಲ, ಸುತ್ತೋಲೆ ಸಾಕು. ಅವನ್ನು ಮೂರು ತಿಂಗಳೊಳಗೆ ಹೊರಡಿಸಿ. ಉಳಿದವುಗಳಿಗೆ ಯಾವಾಗ, ಯಾರು ಹೊಣೆ ಎಂಬುದನ್ನು ಬರವಣಿಗೆಯಲ್ಲಿ ಕೊಡಿ. "ಪರಿಶೀಲಿಸಲಾಗುವುದು" ಎಂಬ ಉತ್ತರವನ್ನು ನಾವು ಉತ್ತರವೆಂದು ತೆಗೆದುಕೊಳ್ಳುವುದಿಲ್ಲ.

ಈ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರಲ್ಲಿ ಒಂದು ವಿನಂತಿ. ಸಹಿ ಹಾಕುವ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಎರಡೂ ಕಡೆಯ ಹೆಸರು, ವಯಸ್ಸು, ರೋಗ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ್ದರೆ ಸರ್ಕಾರದ ಉತ್ತರಕ್ಕಾಗಿ ಕಾಯಬೇಡಿ, ನಾಳೆಯೇ ಹೋಗಿ ತೋರಿಸಿ.